ಭೀಮೇಶ್ವರಿಯ ಮಡುವಿನಲ್ಲಿ ಬಿಳಿಮೀನು ಎಲ್ಲಿ?

ದಿಬ್ಬೂರಹಳ್ಳಿಯ ಕಡೆಯವರಿಗೆ ಮೀನು ಎಂದರೆ ಕೆರೆಯ ಮೀನು. ಶಿಡ್ಲಘಟ್ಟ ತಾಲ್ಲೂಕಿನ ಈ ಊರಿನ ಸುತ್ತ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ನಂದಿ ಬೆಟ್ಟದ ಸೀಮೆಯಿಂದ ಹೊರಡುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿಗಳು ಹೆಸರಿಗೆ ನದಿಗಳು. ವರ್ಷದ ಬಹುಪಾಲು ಅವುಗಳ ಪಾತ್ರದಲ್ಲಿ ಕಾಣುವುದು ಮರಳು ಮತ್ತು ಜಾಲಿ. ರಾಗಿ, ಹಿಪ್ಪುನೇರಳೆ, ರೇಷ್ಮೆಗೂಡು, ಆಳಕ್ಕಿಳಿದ ಕೊಳವೆಬಾವಿ ಇವೇ ಇಲ್ಲಿನ ಬದುಕು.

ಮಳೆ ಬಂದು ಕೆರೆ ತುಂಬಿದ ವರ್ಷ ಮಾತ್ರ ಮೀನಿನ ಮಾತು. ಆಗ ಕೆರೆಗೆ ಮೀನುಮರಿ ಬಿಡುತ್ತಾರೆ. ಅದಕ್ಕೆ ‘ಬಿತ್ತನೆ’ ಎಂದೇ ಹೆಸರು. ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಬಯಲಿನ ಮೀನುಗಳು. ನಿಂತ ನೀರಿನಲ್ಲಿ ಅವು ತಾವಾಗಿ ಮೊಟ್ಟೆ ಇಡುವುದಿಲ್ಲ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇವುಗಳಿಂದ ಮೊಟ್ಟೆ ಇಡಿಸಿದರು. ಅಂದಿನಿಂದ ಎಲ್ಲಿ ಬೇಕಾದರೂ ಮೀನುಮರಿ ಬೆಳೆಸಿ ಯಾವ ಕೆರೆಗೆ ಬೇಕಾದರೂ ಬಿಡಬಹುದಾಯಿತು. ಕೆರೆ ಬತ್ತಿದಾಗ ಬೆಳೆ ಕೊಯ್ದಂತೆ ಹಿಡಿಯುವುದು, ಮರುಮಳೆಗೆ ಮತ್ತೆ ಬಿತ್ತುವುದು. ಬಯಲುಸೀಮೆಗೆ ಇದು ಒಪ್ಪುವ ಲೆಕ್ಕ. ಬತ್ತಿಹೋಗುವ ಕೆರೆಯಲ್ಲಿ ಕಳೆದುಕೊಳ್ಳುವುದಾದರೂ ಏನು?

ಇದೇ ಲೆಕ್ಕವನ್ನು ಬತ್ತದ ಹೊಳೆಗೆ ಹಾಕಿದರೆ ಏನಾಗುತ್ತದೆ? ಅದನ್ನು ತಿಳಿಯಲು ದಿಬ್ಬೂರಹಳ್ಳಿಯಿಂದ ಬೆಂಗಳೂರು ದಾಟಿ ಕಾವೇರಿಯವರೆಗೆ ಹೋಗಬೇಕು. ಅಲ್ಲಿನ ಕಥೆ ಆರಂಭವಾಗುವುದು ಗಾಳದಿಂದ.

ಎಳೆಯುವ ಗಾಳ

ಕೆರೆಯಂಗಳದ ಹುಡುಗರಿಗೆ ಗಾಳವೆಂದರೆ ಒಂದು ಕೋಲು, ಒಂದು ದಾರ, ಕೊಕ್ಕೆಯ ತುದಿಗೆ ಎರೆಹುಳು. ಕೊರವನನ್ನು ಹಿಡಿಯುವವರು ಮಾತ್ರ ಸಣ್ಣ ಕಪ್ಪೆಯನ್ನು ಕಟ್ಟಿ ಜೊಂಡಿನ ಅಂಚಿನಲ್ಲಿ ಕುಣಿಸುತ್ತಾರೆ. ಕೊರವ ಬೇಟೆಯಾಡುವ ಮೀನು. ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ.

ಅಮೆರಿಕದವರು ಇದೇ ಉಪಾಯವನ್ನು ದೊಡ್ಡದು ಮಾಡಿದ್ದಾರೆ. ಅಲ್ಲಿನ ಕರಾವಳಿಯಲ್ಲೂ ಜಲಾಶಯಗಳಲ್ಲೂ ಪಟ್ಟೆ ಬಾಸ್ ಎಂಬ ಮೀನಿಗಾಗಿ ಸಣ್ಣ ದೋಣಿಯಲ್ಲಿ ಹೊರಟು, ಗೇಣುದ್ದದ ಹುಸಿಮೀನನ್ನು ಉದ್ದನೆಯ ದಾರಕ್ಕೆ ಕಟ್ಟಿ ಹಿಂದಿನಿಂದ ನಿಧಾನವಾಗಿ ಎಳೆಯುತ್ತಾರೆ. ಇದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಮಂಗಳೂರು, ಮಲ್ಪೆಗಳಲ್ಲಿ ಕೇಳಿಬರುವ, ಬಲೆ ಎಳೆಯುವ ಟ್ರಾಲಿಂಗ್ ಬೇರೆ, ಇದು ಬೇರೆ. ಹುಸಿಮೀನಿನ ಮೂತಿಗೆ ಓರೆಯಾದ ಒಂದು ತಗಡು ಇರುತ್ತದೆ. ದೋಣಿ ಮುಂದೆ ಹೋದಂತೆ ನೀರು ಆ ತಗಡನ್ನು ಒತ್ತಿ ಹುಸಿಮೀನನ್ನು ಆಳಕ್ಕೆ ಇಳಿಸುತ್ತದೆ, ಅಕ್ಕಪಕ್ಕಕ್ಕೆ ಓಲಾಡಿಸುತ್ತದೆ. ಆ ಓಲಾಟದ ಕಂಪನ ಮೀನಿಗೆ ಕಿವಿಯಿಂದ ಮಾತ್ರ ತಿಳಿಯುವುದಲ್ಲ. ಅದರ ಮೈಯ ಎರಡೂ ಬದಿಯಲ್ಲಿ ಉದ್ದಕ್ಕೆ ಹರಿದಿರುವ ಪಾರ್ಶ್ವರೇಖೆ ಎಂಬ ಇಂದ್ರಿಯ ನೀರಿನ ಸಣ್ಣ ಅಲುಗಾಟವನ್ನೂ ಹಿಡಿಯುತ್ತದೆ. ಕಲಕಿದ ನೀರಿನಲ್ಲೂ, ಕತ್ತಲೆಯಲ್ಲೂ ಬೇಟೆಯ ಮೀನು ಹುಸಿಮೀನಿನ ಬೆನ್ನು ಹತ್ತುವುದು ಹೀಗೆ.

ಕನ್ನಡ ನಾಡಿನಲ್ಲಿ ಇಂಥ ಭಾರಿ ಗಾಳಕ್ಕೆ ತಕ್ಕ ಮೀನು ಒಂದೇ. ಅದು ಕಾವೇರಿಯ ಮಹಸೀರ್, ಹೊಳೆಯ ದಂಡೆಯವರ ಬಾಯಲ್ಲಿ ಬಿಳಿಮೀನು.

ಹರಿಗೋಲು ಮತ್ತು ರಾಗಿ ಮುದ್ದೆ

ಬೆಂಗಳೂರಿನಿಂದ ಕನಕಪುರ ರಸ್ತೆ ಹಿಡಿದು ಹಾರೋಹಳ್ಳಿ, ಸಾತನೂರು, ಹಲಗೂರು ದಾಟಿ ಎಡಕ್ಕೆ ಕಾಡಿನೊಳಗೆ ಇಳಿದರೆ ಭೀಮೇಶ್ವರಿ. ಬೆಂಗಳೂರಿಗೆ ಸುಮಾರು 100 ಕಿ.ಮೀ. ಅಲ್ಲಿಂದ ಮುತ್ತತ್ತಿ ಹತ್ತಿರ. ಸೀತೆಯ ಮುತ್ತನ್ನು ಆಂಜನೇಯ ಹೊಳೆಯ ಆಳದಿಂದ ತೆಗೆದುಕೊಟ್ಟನೆಂಬ ಪ್ರತೀತಿಯ ಊರು ಅದು. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಇಲ್ಲಿ ಬಂಡೆಗಳ ನಡುವೆ ಒಮ್ಮೆ ನೊರೆಯಾಗಿ ನುಗ್ಗುತ್ತಾಳೆ, ಒಮ್ಮೆ ಕಪ್ಪು ಮಡುವಾಗಿ ನಿಲ್ಲುತ್ತಾಳೆ. ಕೆಳಗೆ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿನ ಸಂದಿಯಲ್ಲಿ ನುಸುಳುತ್ತಾಳೆ. ಇದೆಲ್ಲ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಸೀಮೆ. ದಡದಲ್ಲಿ ಮತ್ತಿ ಮರಗಳು, ಬಂಡೆಯ ಮೇಲೆ ಮೊಸಳೆ, ಸಂಜೆಗೆ ನೀರಿಗಿಳಿಯುವ ಆನೆ.

ಇಂಥ ಹೊಳೆಯಲ್ಲಿ ದೋಣಿ ನೇರವಾಗಿ ಓಡಿಸಿ ಗಾಳ ಎಳೆಯುವುದು ಆಗದ ಮಾತು. ಇಲ್ಲಿನ ವಾಹನ ಹರಿಗೋಲು. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ, ಆಮೇಲೆ ಟಾರು ಬಳಿದ ಪ್ಲಾಸ್ಟಿಕ್ ಚೀಲ ಹೊದಿಸಿದ್ದು, ಈಚೆಗೆ ಫೈಬರಿನದು. ಅದರಲ್ಲಿ ಮಡುವಿನ ನಡುವಣ ಬಂಡೆಗೆ ಹೋಗಿ ಅಲ್ಲಿಂದ ಗಾಳ ಎಸೆಯುತ್ತಿದ್ದರು. ಮೀನು ಕಚ್ಚಿ ಕೆಳಹರಿವಿಗೆ ಓಡಿತೋ, ಮತ್ತೆ ಹರಿಗೋಲು ಹತ್ತಿ ಅದರ ಹಿಂದೆಯೇ ಸುಳಿಯಲ್ಲಿ ತಿರುಗುತ್ತಾ ಹೋಗಬೇಕಿತ್ತು. ಹುಟ್ಟು ಹಾಕುವವನ ಕೈಚಳಕವೇ ಅಲ್ಲಿ ಮುಖ್ಯ.

ಹೊಳೆಯುವ ಚಮಚದಂಥ ಲೋಹದ ಗಾಳವೂ, ಹುಸಿಮೀನೂ ಬಳಕೆಯಲ್ಲಿದ್ದವು. ಆದರೆ ಕಾವೇರಿಯಲ್ಲಿ ಎಲ್ಲಕ್ಕಿಂತ ಹೆಸರಾದ ಎರೆ ಯಾವುದು ಗೊತ್ತೆ? ರಾಗಿ ಮುದ್ದೆ! ರಾಗಿ ಹಿಟ್ಟನ್ನು ಕಲಸಿ ಗಟ್ಟಿಯಾಗಿ ಬೇಯಿಸಿ, ದೊಡ್ಡ ಕೊಕ್ಕೆಯ ಸುತ್ತ ಉಂಡೆ ಕಟ್ಟಿ ಮಡುವಿಗೆ ಇಳಿಸುವುದು. ದಿಬ್ಬೂರಹಳ್ಳಿಯ ತಟ್ಟೆಯಲ್ಲಿರುವ ಊಟವೇ ಭೀಮೇಶ್ವರಿಯ ಮೀನಿಗೂ ಇಷ್ಟ. ಮಹಸೀರ್ ಗೆಂಡೆ ಜಾತಿಯದು. ಹಣ್ಣು, ಕಾಯಿ, ಏಡಿ, ಸಣ್ಣ ಮೀನು ಎಲ್ಲವನ್ನೂ ತಿನ್ನುತ್ತದೆ. ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿ ಮೂರು ಸಾಲು ಹಲ್ಲುಗಳಿವೆ. ಏಡಿಯ ಚಿಪ್ಪನ್ನೂ ಪುಡಿಮಾಡುವ ಆ ಹಿಡಿತಕ್ಕೆ ಲೋಹದ ಗಾಳಗಳು ಸಹ ಚಪ್ಪಟೆಯಾದದ್ದುಂಟು.

ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲೇ ಭಾರತದ ಗಾಳಗಾರಿಕೆಯ ಬಗ್ಗೆ ಪುಸ್ತಕ ಬರೆದು ಮಹಸೀರನ್ನು ಹೊಗಳಿದ್ದ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡು ತೂಗಿತು, ಎಂದರೆ 54 ಕಿಲೋಗ್ರಾಂ. ಹುಲಿ, ಚಿರತೆಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧರಾಗಿದ್ದ ಮನೆತನ ಅದು. ಗಾಳದ ಮಹಸೀರ್‌ಗೆ ಬಹುಕಾಲ ಅದೇ ದಾಖಲೆಯಾಗಿ ಉಳಿಯಿತು.

ಕಾವಲೂ ಲೆಕ್ಕವೂ

ಸ್ವಾತಂತ್ರ್ಯ ಬಂದ ಮೇಲೆ ಕಾವೇರಿಯ ದೊಡ್ಡ ಮೀನು ಮುಗಿದೇ ಹೋಯಿತೆಂದು ಹೊರಗಿನವರು ಭಾವಿಸಿದ್ದರು. 1977–78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ತರುಣರು ಇಲ್ಲಿ ಗಾಳ ಹಾಕಿ ಭಾರಿ ಮೀನುಗಳನ್ನು ಹಿಡಿದಾಗ ಸುದ್ದಿ ಜಗತ್ತಿಗೆ ಹರಡಿತು. 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ನೋಡಿಕೊಳ್ಳುತ್ತಿತ್ತು. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಶಿಬಿರ ನಡೆಸಿತು.

ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡುವುದು ಅಲ್ಲಿನ ಕಟ್ಟುಪಾಡು. ಹೊಳೆಗೆ ನಿಜವಾದ ಶತ್ರು ಸಿಡಿಮದ್ದು. ಒಂದು ತೋಟಾ ಮಡುವಿಗೆ ಬಿದ್ದರೆ ತಾಯಿಮೀನು, ಮರಿ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತವೆ. ಗಾಳದವರಿಂದ ಬಂದ ಹಣದಿಂದ ಕಾವಲುಗಾರರಿಗೆ ಸಂಬಳ ಸಿಕ್ಕಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಊರವರೇ ಮಾರ್ಗದರ್ಶಕರಾಗಿ, ಹರಿಗೋಲಿನವರಾಗಿ ಹೊಳೆ ಕಾದರು. ಜೀವಂತ ಮೀನಿನ ಬೆಲೆ ಸತ್ತ ಮೀನಿಗಿಂತ ಹೆಚ್ಚೆಂದು ಮನೆಯ ಒಲೆಯೇ ಕಲಿಸಿದ ಪಾಠ ಅದು.

ಗಾಳದವರ ಇನ್ನೊಂದು ಅಭ್ಯಾಸವೂ ಉಪಕಾರಕ್ಕೆ ಬಂತು. ಎಷ್ಟು ಗಂಟೆ ಕುಳಿತೆವು, ಎಷ್ಟು ಮೀನು, ಯಾವ ಬಣ್ಣ, ಎಷ್ಟು ತೂಕ ಎಂದು ಶಿಬಿರದ ಪುಸ್ತಕದಲ್ಲಿ ಬರೆಯುತ್ತಿದ್ದರು. ಹೆಮ್ಮೆಗೆ ಬರೆದದ್ದು ವಿಜ್ಞಾನಕ್ಕೆ ಸಾಕ್ಷಿಯಾಯಿತು. ಗಾಳಿಬೋರೆಯ 1998ರಿಂದ 2012ರವರೆಗಿನ ಪುಟಗಳನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ! ಮೇಲುನೋಟಕ್ಕೆ ಸಂತೋಷದ ಸುದ್ದಿ: ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಬಿಡಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಏರಿದ್ದು ನೀಲಿ ರೆಕ್ಕೆಯ ಮಹಸೀರ್. ಕಿತ್ತಳೆ ರೆಕ್ಕೆಯ, ಬೆನ್ನು ಗೂನಾಗಿ ಉಬ್ಬಿದ, ಹಿಂದಿನ ದಾಖಲೆಗಳಿಂದ ಹೆಸರಾದ ಮೀನು ಕುಸಿದಿತ್ತು. ಅದರ ಎಳೆಯ ಮೀನುಗಳೇ ಗಾಳಕ್ಕೆ ಬರುತ್ತಿರಲಿಲ್ಲ.

ಬಿತ್ತಿದ ಮೀನು

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ಅದು ಕೃಷ್ಣಾ ಸೀಮೆಯ ಮೀನು. 1839ರಲ್ಲಿ ಸೈಕ್ಸ್ ಎಂಬಾತ ಪುಣೆಯ ಬಳಿಯ ಹೊಳೆಯಿಂದ ಅದನ್ನು ವರ್ಣಿಸಿದ್ದ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಅದರ ಮರಿ ಮಾಡಿಸುವ ವಿದ್ಯೆ ಸಾಧಿಸಿದರು. 1970ರ ದಶಕದಿಂದ ಮುಂದಕ್ಕೆ ಆ ಮರಿಗಳು ದೇಶದ ಅನೇಕ ನೀರುಗಳಿಗೆ ಹೋದವು, ಕಾವೇರಿಗೂ ಬಂದವು. ಮಹಸೀರ್ ಕಡಿಮೆಯಾಗಿದೆ, ಮಹಸೀರ್ ಬಿಡೋಣ ಎಂಬುದು ಆಗಿನ ಎಣಿಕೆ. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ದಿಬ್ಬೂರಹಳ್ಳಿಯ ಕೆರೆಗೆ ಕಾಟ್ಲಾ ಬಿಟ್ಟ ಹಾಗೆಯೇ ಅದು. ಆದರೆ ಬಂದ ಮೀನು ಬೇಗ ಹೆಚ್ಚಿ ಮಡುಗಳನ್ನು ತುಂಬಿತು. ಅಣೆಕಟ್ಟುಗಳಿಂದ, ಮರಳುಗಣಿಯಿಂದ, ಸಿಡಿಮದ್ದಿನಿಂದ ಮೊದಲೇ ಬಡವಾಗಿದ್ದ ಹೊಳೆಯ ಸ್ವಂತ ಮೀನಿಗೆ ಇದು ಹೊಸ ಪೈಪೋಟಿ.

ಇನ್ನೂ ಸೋಜಿಗವೆಂದರೆ, ನೂರಾರು ವರ್ಷ ಹೆಸರು ಮಾಡಿದ ಆ ಗೂನುಬೆನ್ನಿನ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ! 2018ರಲ್ಲಿ ಆಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಮೀನುಗಳನ್ನು ಪರೀಕ್ಷಿಸಿದರು. ಕೇರಳದ ಪಾಂಬಾರ್‌ನಲ್ಲಿ ಸಿಕ್ಕ ಸಣ್ಣ ಮೀನುಗಳಿಂದ ಮೊದಲೇ ವರ್ಣಿತವಾಗಿದ್ದ ‘ಟಾರ್ ರೆಮಾದೇವಿ’ಯೇ ಇದು ಎಂದು ತೋರಿಸಿಕೊಟ್ಟರು. ಮೋಯಾರ್, ಪಾಂಬಾರ್‌ಗಳ ನೀರು ಕಡೆಗೆ ಸೇರುವುದು ಕಾವೇರಿಗೇ. ಎಂದರೆ ಈ ಮೀನು ಕಾವೇರಿ ಕುಟುಂಬದ್ದು, ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಅದು ‘ತೀವ್ರ ಅಳಿವಿನಂಚಿನ’ ವರ್ಗಕ್ಕೆ ಸೇರಿತು. ನಾಮಕರಣಕ್ಕೂ ಕೊನೆಯ ಗಂಟೆಗೂ ಒಂದೇ ಮುಹೂರ್ತ ಕೂಡಿಬಂದಂತಾಯಿತು.

ಅಷ್ಟರಲ್ಲಿ ವನ್ಯಧಾಮದೊಳಗೆ ಗಾಳ ಹಾಕುವುದೂ 2010ರ ದಶಕದ ಆರಂಭದಲ್ಲಿ ನಿಂತಿತ್ತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ವನ್ಯಧಾಮದ ಪ್ರಾಣಿಯನ್ನು ಹಿಡಿಯುವಂತಿಲ್ಲ, ಬಿಡಲೆಂದು ಹಿಡಿದರೂ ಹಿಡಿದದ್ದೇ. ಕಾನೂನಿನ ಮಾತು ನ್ಯಾಯವಾದದ್ದೇ. ಆದರೆ ಗಾಳದ ಜೊತೆಗೆ ಲೆಕ್ಕದ ಪುಸ್ತಕವೂ ಮುಚ್ಚಿತು, ಗಾಳದ ಹಣದಿಂದ ನಡೆಯುತ್ತಿದ್ದ ಕಾವಲೂ ತಪ್ಪಿತು. ಮೀನನ್ನು ಕಾಯುವುದೆಂದರೆ ಗಾಳ ಕಿತ್ತುಕೊಳ್ಳುವುದಷ್ಟೇ ಅಲ್ಲ. ಎಣಿಸುವವರು, ರಾತ್ರಿ ದಡ ಸುತ್ತುವವರು ಯಾರಾದರೂ ಇರಲೇಬೇಕು.

ಇಂದಿಗೂ ಭೀಮೇಶ್ವರಿಗೆ ಪ್ರವಾಸಿಗರು ಬರುತ್ತಾರೆ. ಹರಿಗೋಲಿನಲ್ಲಿ ಸುತ್ತುತ್ತಾರೆ, ಹಕ್ಕಿ ನೋಡುತ್ತಾರೆ. ಮಕ್ಕಳನ್ನು ಕರೆತಂದವರು ಹರಿಗೋಲಿನವನನ್ನು ಕಿತ್ತಳೆ ರೆಕ್ಕೆಯ ಬಿಳಿಮೀನಿನ ಬಗ್ಗೆ ಒಮ್ಮೆ ಕೇಳಬೇಕು. ಪಠ್ಯಪುಸ್ತಕದಲ್ಲಿ ‘ಸ್ಥಳೀಯ ಪ್ರಭೇದ’ ಎಂಬ ಎರಡು ಪದವಾಗಿ ಮುಗಿಯುವ ಪಾಠ ಅಲ್ಲಿ ಮಡುವಿನ ಮೇಲೆ ಕುಳಿತು ಅರ್ಥವಾಗುತ್ತದೆ.

ವಾಪಸು ಬರುವಾಗ ದಾರಿಯಲ್ಲಿ ಇನ್ನೊಂದು ಸಂಗತಿ ಗಮನಿಸಬಹುದು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಪಂಪುಮನೆಗಳ ಮೂಲಕ ಕಾವೇರಿಯ ನೀರೂ ಇದೇ ಹಾದಿಯಲ್ಲಿ ಬೆಂಗಳೂರಿಗೆ ಹತ್ತುತ್ತದೆ. 1974ರಿಂದ ನಡೆದಿರುವ ಏರಾಟ ಇದು. ನಗರ ಬಳಸಿ ಬಿಟ್ಟ ನೀರು ಹೆಬ್ಬಾಳ, ನಾಗವಾರ ಕಣಿವೆಗಳಲ್ಲಿ ಸಂಸ್ಕರಣೆಯಾಗಿ 2020ರಿಂದೀಚೆಗೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ, ಶಿಡ್ಲಘಟ್ಟ ತಾಲ್ಲೂಕಿನ ಕೆಲವು ಕೆರೆಗಳಿಗೂ ಮುಟ್ಟಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧಗೊಳಿಸಬೇಕೆಂಬ ಕೂಗು ಈ ಬಯಲುಸೀಮೆಯಲ್ಲಿ ಇದ್ದೇ ಇದೆ. ಅತ್ತ ಮೇಕೆದಾಟಿನಲ್ಲಿ ಇನ್ನೊಂದು ಅಣೆಕಟ್ಟಿನ ಯೋಜನೆಯಿದೆ. ಅದು ಕಟ್ಟಿದರೆ ವನ್ಯಧಾಮದ ಒಂದು ಭಾಗ ಮುಳುಗುತ್ತದೆ, ಹರಿಯುವ ಹೊಳೆ ಅಷ್ಟು ದೂರ ನಿಂತ ನೀರಾಗುತ್ತದೆ.

ನೀರನ್ನು ಕೊಳವೆಯಲ್ಲಿ ಹತ್ತಿಸಬಹುದು, ಕೆರೆಗೆ ಮೀನು ಬಿತ್ತಬಹುದು. ಬಯಲುಸೀಮೆಯ ಜನ ನೀರಿನ ಬೆಲೆ ಬಲ್ಲವರು, ಬೇಡವೆನ್ನಲಾರರು. ಆದರೆ ಕಾವೇರಿ ಸಾವಿರಾರು ವರ್ಷ ತನ್ನ ಮಡುಗಳಲ್ಲೇ ಸಾಕಿಕೊಂಡ ಮೀನು ಒಮ್ಮೆ ಹೋದರೆ ಮರುಮಳೆಗೆ ಬಿತ್ತಲು ಯಾವ ಉಗ್ರಾಣದಲ್ಲೂ ಅದರ ಬೀಜ ಸಿಗುವುದಿಲ್ಲ.