ಮೂವತ್ತೈದು ಮಾರ್ಕಿನ ಆಟ

ಸಂಜೆ ಐದೂವರೆ. ಬಾರಕೂರಿನಿಂದ ಮಂದಾರ್ತಿ ಕಡೆಗೆ ಹೋಗುವಾಗ ಮಣ್ಣಿನ ದಾರಿಗೆ ತಿರುಗಿ, ಎರಡು ಅಡಿಕೆ ತೋಟ ದಾಟಿದರೆ ಈ ಗದ್ದೆ. ಕೊಯ್ಲು ಮುಗಿದು ತಿಂಗಳುಗಳಾಗಿವೆ. ಕೂಳೆ ಕಾಲಿಗೆ ಚುಚ್ಚದಿರಲಿ ಎಂದು ಹುಡುಗರು ಬೈಹುಲ್ಲು ಹಾಸುತ್ತಿದ್ದಾರೆ. ನಡುವೆ ರಂಗಸ್ಥಳ ಏಳುತ್ತಿದೆ: ನಾಲ್ಕು ಕಂಬ, ಮಾವಿನ ಸೊಪ್ಪಿನ ತೋರಣ, ಮೂಲೆಗೊಂದು ಬಾಳೆಗಿಡ. ಮನೆಯ ಹಿತ್ತಿಲಿನಿಂದ ಸಾಂಬಾರಿನ ಒಗ್ಗರಣೆಯ ಪರಿಮಳ ಬರುತ್ತಿದೆ. ಮಂದಾರ್ತಿ ಯಕ್ಷಗಾನ ಮೇಳದ ಸಾಮಾನಿನ ಲಾರಿ ಆಗಲೇ ಬಂದು ನಿಂತಿದೆ.

ಇದು ಭೀಮನ ಆಟ. ಹರಕೆ ಹೊತ್ತವನು ಅವನು, ದೇವಸ್ಥಾನಕ್ಕೆ ಹೋಗಿ ಆಟ ಬರೆಸಿದವನೂ ಅವನು. ರಶೀದಿಯನ್ನು ಪ್ಲಾಸ್ಟಿಕ್ ಹಾಕಿಸಿ ದೇವರ ಕೋಣೆಯ ಗೋಡೆಗೆ ನೇತುಹಾಕಿದವನೂ ಅವನೇ. ಅವನು ಹೋಗಿ ಈ ಫೆಬ್ರವರಿಗೆ ಎರಡು ವರ್ಷ. ಸರದಿ ಬಂದದ್ದು ಈಗ, 2018ರಲ್ಲಿ.

ಭೀಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅದನ್ನು ಇಟ್ಟವರು ನಾವು, ಒಂಬತ್ತನೆಯ ತರಗತಿಯವರು.

ಕತ್ತಲಾಗುತ್ತಿದ್ದಂತೆ ಕೇಳಿ ಬಡಿಯುತ್ತಾರೆ. ಚೆಂಡೆಯ ಮೊದಲ ಪೆಟ್ಟು ಗುಡ್ಡಕ್ಕೆ ಬಡಿದು ವಾಪಸು ಬರುತ್ತದೆ. ಇವತ್ತು ಇಲ್ಲಿ ಆಟ ಉಂಟು ಎಂದು ಸುತ್ತಲಿನ ಊರಿಗೆ ಹೇಳುವ ಕ್ರಮ ಇದು. ಮೈಕಾಗಲಿ ಬ್ಯಾನರಾಗಲಿ ಇಲ್ಲದ ಕಾಲದಿಂದಲೂ ಬಂದದ್ದು. ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಈ ಸದ್ದು ಕಿವಿಗೆ ಬಿದ್ದರೆ ಸಾಕು, ಭೀಮ ಪುಸ್ತಕದ ಚೀಲವನ್ನು ನನ್ನ ಕೈಗೆ ಕೊಟ್ಟುಬಿಡುತ್ತಿದ್ದ. ಯಾವ ದಿಕ್ಕು, ಎಷ್ಟು ದೂರ, ಯಾರ ಮನೆಯ ಗದ್ದೆ, ಎಲ್ಲವನ್ನೂ ನಿಂತಲ್ಲೇ ಲೆಕ್ಕ ಹಾಕುತ್ತಿದ್ದ. ಆ ಲೆಕ್ಕ ಮಾತ್ರ ಒಮ್ಮೆಯೂ ತಪ್ಪಿದ್ದಿಲ್ಲ.

ಶಾಲೆಯ ಲೆಕ್ಕದ ಸಂಗತಿ ಬೇರೆ. ಈ ಆಟದ ಮೂಲ ಇರುವುದೇ ಅಲ್ಲಿ.

1986ರ ಎಸ್ಸೆಸ್ಸೆಲ್ಸಿ. ಗಣಿತ ಪರೀಕ್ಷೆಯ ಹಿಂದಿನ ದಿನ ಮಂದಾರ್ತಿ ದುರ್ಗಾಪರಮೇಶ್ವರಿಯ ಎದುರು ನಾವು ನಾಲ್ವರು ಕೈಮುಗಿದು ನಿಂತಿದ್ದೇವೆ. ಉಳಿದ ಮೂವರು ತೆಂಗಿನಕಾಯಿ, ಹಣ್ಣುಕಾಯಿ ಎಂದು ಮನಸ್ಸಿನಲ್ಲೇ ಹೇಳಿಕೊಂಡರೆ ಭೀಮ ಗಟ್ಟಿಯಾಗಿ ಹೇಳಿಬಿಟ್ಟ: ‘ಅಮ್ಮಾ, ಲೆಕ್ಕದಂಗೆ ಪಾಸಾರೆ ಒಂದ್ ಆಟ ಆಡಿಸ್ತೆ.’ ಪಕ್ಕದಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಆಟ ಆಡಿಸುವುದೆಂದರೆ ಮೇಳದವರಿಗೆ, ಊರಿನವರಿಗೆ, ನೆಂಟರಿಗೆ ಊಟ, ಚಪ್ಪರ, ದೀಪ, ವೀಳ್ಯ. ಅವನ ಅಪ್ಪನಿಗೆ ಇದ್ದದ್ದು ಗೇಣಿಯ ಕಾಲಕ್ಕೆ ಬಂದ ಒಂದು ತುಂಡು ಗದ್ದೆ.

ಫಲಿತಾಂಶ ಬಂತು. ಗಣಿತದಲ್ಲಿ ಮೂವತ್ತೈದು. ಒಂದು ಕಡಿಮೆಯಿದ್ದರೆ ಫೇಲು. ನಾವು ಅವನನ್ನು ಸುತ್ತುಗಟ್ಟಿ ನಕ್ಕೆವು. ಅವನು ಅಂಕಪಟ್ಟಿಯನ್ನು ಎದೆಗೆ ಒತ್ತಿಕೊಂಡು, ‘ನಾ ಕೇಂಡದ್ ಪಾಸ್ ಮಾತ್ರ. ದೇವಿ ಕೊಟ್ಟದ್ದೂ ಅಷ್ಟೇ. ಲೆಕ್ಕ ಅಂದ್ರೆ ಹಾಂಗಿರ್ಕ್ ಕಾಣ್’ ಅಂದ.

ಅದೇ ಮಳೆಗಾಲದಲ್ಲಿ ಬೆಂಗಳೂರಿನ ಬಸ್ಸು ಹತ್ತಿದ. ಕುಂದಾಪುರ, ಉಡುಪಿ ಕಡೆಯ ಎಷ್ಟೋ ಹುಡುಗರು ಹೋದ ದಾರಿ ಅದು. ಕ್ಲೀನರ್ ಆದ, ಸಪ್ಲಾಯರ್ ಆದ, ಗಲ್ಲಾದಲ್ಲಿ ಕುಳಿತ, ಕಡೆಗೆ ಪಾಲುದಾರರ ಜೊತೆ ಒಂದು ಸಣ್ಣ ದರ್ಶಿನಿ ಮಾಡಿದ. ಕೈಯಲ್ಲಿ ನಾಲ್ಕು ಕಾಸು ನಿಂತ 2001ರಲ್ಲಿ ಅವನು ಮಾಡಿದ ಮೊದಲ ಕೆಲಸ ಆಟ ಬರೆಸಿದ್ದು. ಮಂದಾರ್ತಿಯಿಂದ ಐದು ಮೇಳಗಳು ಹೊರಟು ಊರೂರು ತಿರುಗಿದರೂ ಹರಕೆ ಹೊತ್ತವರ ಸಾಲು ಮುಗಿಯುವುದಿಲ್ಲ, ವರ್ಷಗಟ್ಟಲೆ ಕಾಯಬೇಕು. ‘ಅಲ್ಲಿವರೆಗೆ ನಾವೆಲ್ಲ ಇರ್ತೆವಾ ಮಾರಾಯ?’ ಎಂದು ನಾನು ಫೋನಿನಲ್ಲಿ ಕೇಳಿದ್ದೆ. ‘ನೀ ಇರ್ತೆ. ನಿಂಗೆ ಎದ್ರಿಗೇ ಜಾಗ’ ಅಂದಿದ್ದ.

ನಾನು ಈಗ ಎದುರಿಗೇ ಕುಳಿತಿದ್ದೇನೆ.

ಊಟಕ್ಕೆ ಕರೆಯುತ್ತಾರೆ. ಉದ್ದುದ್ದ ಪಂಕ್ತಿ. ಅವನ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಲೆಯಿಂದ ಎಲೆಗೆ ಓಡಾಡುತ್ತಿದ್ದಾರೆ. ನನ್ನ ಎಲೆಯ ಮುಂದೆ ನಿಂತು, ‘ಅಣ್ಣಾ, ಇದ್ ಬಿಡುಕಾಗ’ ಎಂದು ಇನ್ನೊಂದು ಹೋಳಿಗೆ ಹಾಕುತ್ತಾರೆ. ಗಂಡನ ಕಾನೂನು ಹೆಂಡತಿಯ ಕೈಯಲ್ಲಿ ಇನ್ನೂ ಜಾರಿಯಲ್ಲಿದೆ. ಅವನ ಹೋಟೆಲಿಗೆ ಹೋದ ಶಾಲೆಯ ಗೆಳೆಯರಿಂದ ಭೀಮ ಒಂದು ರೂಪಾಯಿಯನ್ನೂ ತೆಗೆದುಕೊಂಡವನಲ್ಲ. ಆದರೆ ತಟ್ಟೆಯಲ್ಲಿ ಅರ್ಧ ಇಡ್ಲಿ ಬಿಟ್ಟಿರೋ, ಗಲ್ಲಾದಿಂದ ಕೂಗಿ ಪೂರ್ತಿ ಬಿಲ್ಲು ವಸೂಲು ಮಾಡುತ್ತಿದ್ದ. ನಮ್ಮ ತರಗತಿಯ ಒಬ್ಬ, ಈಗ ಬ್ಯಾಂಕಿನ ದೊಡ್ಡ ಅಧಿಕಾರಿ, ಎರಡು ಚಮಚ ಕೇಸರಿಬಾತ್ ಬಿಟ್ಟದ್ದಕ್ಕೆ ಮೂವರ ತಿಂಡಿಯ ದುಡ್ಡು ಕೊಟ್ಟು ಹೊರಬಂದಿದ್ದಾನೆ. ಇವತ್ತು ಅವನು ನನ್ನ ಪಕ್ಕದಲ್ಲೇ ಇದ್ದಾನೆ. ಎಲೆಯನ್ನು ಬೆರಳಿನಿಂದ ಗೋರಿ ಗೋರಿ ಬಳಿಯುತ್ತಿದ್ದಾನೆ.

ವೇಷ ಕಟ್ಟುವ ಚೌಕಿಯಲ್ಲಿ ಪೂಜೆ ಆಗುತ್ತಿದೆ. ಕಲಾವಿದರು ಪೆಟ್ಟಿಗೆಗಳ ಮುಂದೆ ಸಾಲಾಗಿ ನೆಲದ ಮೇಲೆ ಕುಳಿತಿದ್ದಾರೆ. ಭೀಮನ ಮಗ ಮಡಿ ಉಟ್ಟು ಕೈಮುಗಿದು ನಿಂತಿದ್ದಾನೆ. ಇಪ್ಪತ್ತರ ಹುಡುಗ, ಅಪ್ಪನದೇ ಭುಜ. ಪ್ರಸಾದ ಕೊಡುವಾಗ ಅರ್ಚಕರು ಹರಕೆ ಹೊತ್ತವರ ಹೆಸರು ಕೇಳುತ್ತಾರೆ. ಹುಡುಗ ಒಂದು ಗಳಿಗೆ ತಡೆದು ಅಪ್ಪನ ಹೆಸರು ಹೇಳುತ್ತಾನೆ. ಪ್ರಸಾದದ ಹೂವನ್ನು ಕಿವಿಗೆ ಇಟ್ಟುಕೊಳ್ಳದೆ ರಶೀದಿಯ ಮೇಲೆ ಇಡುತ್ತಾನೆ.

ಹತ್ತು ಗಂಟೆ ದಾಟಿದೆ. ಕೋಡಂಗಿಗಳು ಕುಣಿದು ಹೋದವು, ಬಾಲಗೋಪಾಲರು ಬಂದರು, ಪೀಠಿಕೆ ಸ್ತ್ರೀವೇಷ ಮುಗಿಯಿತು. ಪ್ರಸಂಗ ಕ್ಷೇತ್ರ ಮಹಾತ್ಮೆ. ಮಕ್ಕಳು ಚಾಪೆಯ ಮೇಲೆ ಒಂದರ ಮೇಲೊಂದು ಕಾಲು ಹಾಕಿ ಮಲಗಿವೆ. ಗದ್ದೆಯ ಅಂಚಿನಲ್ಲಿ ಚರುಮುರಿಯವನು ಈರುಳ್ಳಿ ಹೆಚ್ಚುತ್ತಿದ್ದಾನೆ. ಇಬ್ಬನಿ ಇಳಿಯುತ್ತಿದೆ, ಮುಂಡಿನ ಅಂಚು ತಣ್ಣಗಾಗಿದೆ. ನಮ್ಮ ತರಗತಿಯ ಹನ್ನೊಂದು ಮಂದಿ ಒಂದೇ ಸಾಲಿನಲ್ಲಿ ಕುಳಿತಿದ್ದೇವೆ. ಯಾರೋ ಹಿಂದಿನಿಂದ ಮೆಲ್ಲಗೆ ಕೇಳುತ್ತಾರೆ: ‘ಬಕಾಸುರನ್ ಆಟ ನೆನಪಿತ್ತಾ?’

ನೆನಪಿಲ್ಲದೆ ಇರುತ್ತದೆಯೇ? ಬಕಾಸುರ ನಾನೇ.

ಶಾಲಾ ವಾರ್ಷಿಕೋತ್ಸವ. ಬೆಂಚು ಜೋಡಿಸಿ ಮಾಡಿದ ರಂಗಸ್ಥಳ, ಬಾಡಿಗೆಗೆ ತಂದ ವೇಷ. ಭೀಮನಾದವನು ಏಕಚಕ್ರಪುರದವರು ಕಳಿಸಿದ ಬಂಡಿ ಅನ್ನವನ್ನು ಕಾಡಿನಲ್ಲಿ ಕುಳಿತು ಉಣ್ಣಬೇಕು, ನಾನು ಅಬ್ಬರಿಸುತ್ತ ಬರಬೇಕು. ಕನ್ನಡ ಮೇಷ್ಟ್ರು ಹೇಳಿದ್ದು ಖಾಲಿ ಬುಟ್ಟಿಯಿಟ್ಟು ತಿಂದ ಹಾಗೆ ಅಭಿನಯಿಸು ಅಂತ. ಇವನು ಅಮ್ಮನನ್ನು ಕಾಡಿ ಬುಟ್ಟಿ ತುಂಬ ಕೊಟ್ಟೆ ಕಡುಬು ಮಾಡಿಸಿ ತಂದಿದ್ದ.

ಹಲಸಿನ ಎಲೆಯ ಕೊಟ್ಟೆಯನ್ನು ಅವಸರದಿಂದ ಬಿಡಿಸಲಾಗದು. ಅವನಿಗೆ ಅವಸರವೂ ಇರಲಿಲ್ಲ. ಒಂದು ಕಡ್ಡಿ ಕೀಳುತ್ತಾನೆ, ಬದಿಗಿಡುತ್ತಾನೆ. ಇನ್ನೊಂದು ಕಡ್ಡಿ. ಎಲೆಯನ್ನು ಒಂದೊಂದೇ ಸುಲಿಯುತ್ತಾನೆ. ಬಿಳಿಯ ಕಡುಬಿನ ಮೈಮೇಲೆ ಎಲೆಯ ನರಗಳು ಅಚ್ಚೊತ್ತಿರುತ್ತವೆ. ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿ ಮೆಚ್ಚಿ ಬಾಯಿಗಿಡುತ್ತಾನೆ. ಭಾಗವತರು ಪದ್ಯ ಎತ್ತಿದರು. ನಾನು ಅಬ್ಬರಿಸಿ ಒಳಬಂದೆ. ಅವನು ಎರಡನೆಯ ಕಡುಬಿನ ಕಡ್ಡಿ ಕೀಳುತ್ತಿದ್ದ. ಭಾಗವತರು ಅದೇ ಪದ್ಯವನ್ನು ಮತ್ತೆ ಹಾಡಿದರು, ನಾನು ಮತ್ತೆ ಅಬ್ಬರಿಸಿದೆ. ಮೂರನೆಯ ಕಡುಬು. ಚೆಂಡೆಯವರು ನಗು ತಡೆಯಲಾರದೆ ಕೋಲು ಕೆಳಗಿಟ್ಟರು. ನಾನು ಪಾಠದಲ್ಲಿ ಇದ್ದಂತೆ ಅವನ ಬೆನ್ನಿಗೆ ಗುದ್ದಿದೆ. ಆಗ ಭೀಮಸೇನ ತಿರುಗಿ ನೋಡಿ, ಸುಲಿದ ಕಡುಬನ್ನು ನನ್ನ ಮುಂದೆ ಹಿಡಿದು ಇಡೀ ಸಭೆಗೆ ಕೇಳುವಂತೆ ಅಂದ: ‘ತಕೋ, ನೀನೂ ಒಂದ್ ತಿನ್. ಹಸ್ದ್ ಹೊಟ್ಟಿಯಂಗೆ ಯುದ್ಧ ಮಾಡುಕಾತ್ತಾ?’

ನಾನು ತಿಂದೆ. ಬೆಳಗಿನಿಂದ ವೇಷದ ಗಡಿಬಿಡಿಯಲ್ಲಿ ನಾನು ಏನೂ ತಿಂದಿರಲಿಲ್ಲ. ಅದು ಗೊತ್ತಿದ್ದವನು ಅವನೊಬ್ಬ. ಮುಖ್ಯೋಪಾಧ್ಯಾಯರು ಕುರ್ಚಿಯಿಂದ ಜಾರುವಷ್ಟು ನಗುತ್ತಿದ್ದರು. ಭೀಮ ಬಕಾಸುರರು ಎದುರುಬದುರು ಕುಳಿತು ಕಡುಬು ತಿಂದ ಪ್ರಸಂಗ ಯಕ್ಷಗಾನದಲ್ಲಿ ಬೇರೆಲ್ಲೂ ನಡೆದಿರಲಾರದು. ಆಮೇಲೆ ಯುದ್ಧವೂ ಆಯಿತು, ನಾನು ಸತ್ತೂ ಬಿದ್ದೆ. ಬಿದ್ದವನ ಕಿವಿಯ ಹತ್ತಿರ ಬಗ್ಗಿ, ‘ಇನ್ನೆರಡ್ ಇತ್, ಚೌಕಿಯಂಗೆ ತಿಂಬ’ ಅಂದಿದ್ದ.

ಈಗ ರಾತ್ರಿ ಮೂರೂವರೆ. ಅರ್ಧ ಗದ್ದೆ ನಿದ್ದೆಯಲ್ಲಿದೆ. ಇದ್ದಕ್ಕಿದ್ದಂತೆ ಕತ್ತಲ ಕಡೆಯಿಂದ ಒಂದು ಅಬ್ಬರ. ಚೆಂಡೆ ಸಿಡಿಯುತ್ತದೆ. ದೊಂದಿಗಳು ಹೊತ್ತಿಕೊಳ್ಳುತ್ತವೆ, ಅವುಗಳ ಮೇಲೆ ರಾಳದ ಪುಡಿ ಎರಚಿದಾಗ ಬೆಂಕಿ ಆಳೆತ್ತರಕ್ಕೆ ಭುಗಿಲೇಳುತ್ತದೆ. ಆ ಬೆಳಕಿನಲ್ಲಿ ಬಣ್ಣದ ವೇಷ ಜನರ ನಡುವಿನಿಂದಲೇ ನುಗ್ಗಿ ಬರುತ್ತಿದೆ: ಕೆಂಪು, ಕಪ್ಪು, ಮುಖದ ತುಂಬ ಬಿಳಿ ಚುಕ್ಕಿಗಳು. ಮಕ್ಕಳು ಎದ್ದು ಚೀರಿ ಅಮ್ಮಂದಿರ ಸೆರಗು ಹಿಡಿಯುತ್ತವೆ. ಪ್ರತಿ ಆಟದಲ್ಲೂ ಈ ಗಳಿಗೆಗೆ ಸರಿಯಾಗಿ ನನ್ನ ಪಕ್ಕೆಗೆ ಅವನ ಮೊಣಕೈ ಬೀಳುತ್ತಿತ್ತು: ‘ಹ್ವಾಯ್, ಏಳ್, ಬಂತ್!’ ಅದಕ್ಕೂ ಮೊದಲು ಎಬ್ಬಿಸುತ್ತಿರಲಿಲ್ಲ, ನಿದ್ದೆ ಹಾಳಾಗುತ್ತದೆಂದು. ಆಮೇಲೂ ಎಬ್ಬಿಸುತ್ತಿರಲಿಲ್ಲ, ಆಟ ಹಾಳಾಗುತ್ತದೆಂದು.

ಇವತ್ತು ನಾನು ಮಲಗಿಯೇ ಇಲ್ಲ. ಆದರೂ ಕೈ ಪಕ್ಕೆಯ ಮೇಲೆ ಹೋಗಿದೆ. ಬ್ಯಾಂಕಿನವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದಾನೆ. ಸಾಲಿನಲ್ಲಿ ಯಾರೂ ಮಾತಾಡುವುದಿಲ್ಲ.

ಪೂರ್ವ ಬಿಳಿಯಾಗುವ ಹೊತ್ತಿಗೆ ದೇವಿ ಗೆದ್ದಿದ್ದಾಳೆ, ಭಾಗವತರು ಮಂಗಳ ಹಾಡಿದ್ದಾರೆ. ಚೆಂಡೆ ನಿಂತ ಮೇಲೆ ಹಕ್ಕಿಗಳ ಸದ್ದು ಕೇಳಿಸುತ್ತದೆ. ನಾವು ಹೊರಡಲು ಏಳುತ್ತೇವೆ. ಭೀಮನ ಹೆಂಡತಿ ಹನ್ನೊಂದು ಪೊಟ್ಟಣ ಹಿಡಿದು ಬರುತ್ತಾರೆ. ಬಿಚ್ಚಿ ನೋಡಬೇಕಿಲ್ಲ, ಹಲಸಿನ ಎಲೆ ಬೆಂದ ಪರಿಮಳ ಸಾಕು. ‘ಇವ್ರ್ ಹೇಳಿ ಇಟ್ಟಿದ್ರ್, ಆಟದ್ ದಿನ ನಿಮ್ಗೆಲ್ಲ ಕಡುಬ್ ಮಾಡ್ಕ್ ಅಂದೇಳಿ’ ಅನ್ನುತ್ತಾರೆ. ನಾನು ಅಲ್ಲೇ ಬದುವಿನ ಮೇಲೆ ಕುಳಿತು ಮೊದಲನೆಯದರ ಕಡ್ಡಿ ಕೀಳುತ್ತೇನೆ.

ಚೌಕಿಯವರು ಪೆಟ್ಟಿಗೆಗಳನ್ನು ಲಾರಿಗೆ ಏರಿಸುತ್ತಿದ್ದಾರೆ. ಹುಡುಗ ರಶೀದಿಯನ್ನು ತಂದು ದೇವರ ಕೋಣೆಯ ಅದೇ ಮೊಳೆಗೆ ತೂಗುಹಾಕುತ್ತಾನೆ. ಮೂವತ್ತೆರಡು ವರ್ಷದ ಸಾಲ ತೀರಿತು. ಇವತ್ತು ರಾತ್ರಿ ಮೇಳದ ಆಟ ಇನ್ನೊಬ್ಬರ ಗದ್ದೆಯಲ್ಲಿ.