ಅಂಚೆ ಡಬ್ಬಿ ಮತ್ತು ಮತಪೆಟ್ಟಿಗೆ

ಉರ್ದುವಿನಲ್ಲಿ 'ಅವಾಮ್' ಎಂದರೆ ಜನಸಾಮಾನ್ಯರು. 'ಭೀಡ್' ಎಂದರೆ ಜಂಗುಳಿ. ಶಾಲೆಯಲ್ಲಿ ಕಲಿತ ಈ ಎರಡು ಪದಗಳು ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಸುದ್ದಿ ಓದುವಾಗಲೆಲ್ಲ ನನಗೆ ನೆನಪಾಗುತ್ತವೆ. ಅವಾಮನ್ನು ಒಲಿಸಿಕೊಳ್ಳಲು ಹೊರಟ ಆ ಹಳೆಯ ಪಕ್ಷ ಭೀಡಿನ ಹಿಂದೆ ಓಡತೊಡಗಿದೆ. ಪರದೇಶದ ಪಕ್ಷದ ಉಸಾಬರಿ ನಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ.

ಜನರ ಬಳಿಗೆ ಹೋಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಭೂಮಾಲೀಕರ ಪಕ್ಷವೆನಿಸಿಕೊಂಡಿದ್ದ ಇದೇ ಪಕ್ಷದ ಡಿಸ್ರೇಲಿ 1867ರಲ್ಲಿ ಪಟ್ಟಣಗಳ ಎಷ್ಟೋ ದುಡಿಯುವ ಗಂಡಸರಿಗೆ ಮತದಾನದ ಹಕ್ಕು ಕೊಡಿಸಿದ. ಓಟಿನ ಲೆಕ್ಕಾಚಾರ ಅವನಿಗೂ ಇತ್ತು. ಆದರೆ ಕೊಟ್ಟದ್ದು ಹಕ್ಕನ್ನು, ಶತ್ರುವನ್ನಲ್ಲ. 1968ರಲ್ಲಿ ಈನಾಕ್ ಪೊವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ವಿಷ ಕಾರಿದಾಗ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಅವನನ್ನು ಛಾಯಾ ಸಂಪುಟದಿಂದ ಕಿತ್ತುಹಾಕಿದ. ಪೊವೆಲನ ಪರವಾಗಿ ಲಂಡನ್ನಿನ ಹಡಗುಕಟ್ಟೆಯ ಕೂಲಿಗಳು ಮೆರವಣಿಗೆ ಹೊರಟರು. ಹೀತ್ ಕದಲಲಿಲ್ಲ, 1970ರ ಚುನಾವಣೆಯನ್ನೂ ಗೆದ್ದ. ಗೆಲುವಿಗೆ ಪೊವೆಲನ ಮಾತೇ ಕಾರಣ ಎನ್ನುವವರಿದ್ದಾರೆ. ಇರಲಿ, ಸಂಪುಟದಲ್ಲಿ ಅವನಿಗೆ ಜಾಗ ಸಿಗಲಿಲ್ಲ.

ಐವತ್ತು ವರ್ಷಗಳ ನಂತರ, 2018ರ ಆಗಸ್ಟಿನಲ್ಲಿ, ಬೋರಿಸ್ ಜಾನ್ಸನ್ ಪತ್ರಿಕೆಯೊಂದಕ್ಕೆ ಅಂಕಣ ಬರೆದರು. ಬುರ್ಖಾ ತೊಟ್ಟ ಹೆಂಗಸರು ಅಂಚೆ ಡಬ್ಬಿಯಂತೆ, ಬ್ಯಾಂಕ್ ದರೋಡೆಕೋರರಂತೆ ಕಾಣುತ್ತಾರೆ ಎಂದರು. ತಮಾಷೆಯೆಂದರೆ, ಡೆನ್ಮಾರ್ಕಿನ ಬುರ್ಖಾ ನಿಷೇಧವನ್ನು ವಿರೋಧಿಸಿ ಬರೆದ ಲೇಖನವದು! ವಾದ ಉದಾರವಾದದ್ದೇ. ಆದರೆ ವಾದವನ್ನು ಯಾರು ನೆನಪಿಟ್ಟರು? ಬೀದಿಗಿಳಿದದ್ದು ಆ ಹೋಲಿಕೆ. ಮುಸ್ಲಿಮರ ಮೇಲಿನ ದಾಳಿ, ನಿಂದನೆಗಳ ಲೆಕ್ಕವಿಡುವ 'ಟೆಲ್ ಮಾಮಾ' ಸಂಸ್ಥೆಯ ಪ್ರಕಾರ ಹಿಂದಿನ ವಾರ 8 ಇದ್ದ ಘಟನೆಗಳು ಆ ವಾರ 38ಕ್ಕೇರಿದವು. ನಮ್ಮ ಅಮ್ಮಿ ಕೊನೆತನಕ ಕಪ್ಪು ಬುರ್ಖಾದಲ್ಲೇ ಸಂತೆಗೆ ಹೋದವರು. ನಕಾಬಿನೊಳಗಿನಿಂದಲೇ ಚೌಕಾಸಿ ಮಾಡುತ್ತಿದ್ದರು. ಸೊಪ್ಪು ಮಾರುವವಳು ದನಿಯಿಂದಲೇ ಗುರುತು ಹಿಡಿದು "ಬರ್ರಿ ಅಮ್ಮಾ" ಎನ್ನುತ್ತಿದ್ದಳು. ಡಬ್ಬಿಯೊಂದಿಗೆ ಯಾರೂ ಚೌಕಾಸಿ ಮಾಡುವುದಿಲ್ಲ.

ಹೀತನ ಕಾಲದಲ್ಲಿ ಹುದ್ದೆ ಕಳೆದ ಬಗೆಯ ಮಾತು ಜಾನ್ಸನ್ನರ ದಾರಿಗೆ ಅಡ್ಡವಾಗಲಿಲ್ಲ. ಮರುವರ್ಷವೇ ಪ್ರಧಾನಿಯಾದರು, 2019ರ ಡಿಸೆಂಬರಿನಲ್ಲಿ 365 ಸ್ಥಾನ ಗೆದ್ದರು. ನಂತರ, 2022ರಲ್ಲಿ, ರಿಷಿ ಸುನಕ್ ಬಂದರು. ಅವರ ಪತ್ನಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. 'ನಮ್ಮ ಅಳಿಯ' ಎಂದು ಇಲ್ಲಿ ನಾವೂ ಹಿಗ್ಗಿದೆವು. ಪೂರ್ವ ಆಫ್ರಿಕಾದಿಂದ ವಲಸೆ ಬಂದವರ ಆ ಮಗ 'ದೋಣಿಗಳನ್ನು ತಡೆಯಿರಿ' ಎಂಬ ಫಲಕದ ಹಿಂದೆ ನಿಂತು ಮಾತಾಡಿದರು. ಆಶ್ರಯ ಕೇಳಿ ಬಂದವರನ್ನು ರುವಾಂಡಾಕ್ಕೆ ಸಾಗಿಸುವ ಯೋಜನೆಯನ್ನೂ ಬಿಡಲಿಲ್ಲ. ಬಲವಂತವಾಗಿ ಒಬ್ಬರನ್ನೂ ಕಳಿಸಲಾಗಲಿಲ್ಲ.

ಖಾರದ ರುಚಿ ಹತ್ತಿಸಿದರೆ ಗಿರಾಕಿ ಇನ್ನೂ ಖಾರ ಕೇಳುತ್ತಾನೆ. ಪಕ್ಕದಲ್ಲೇ ನೈಜೆಲ್ ಫರಾಜರ 'ರಿಫಾರ್ಮ್ ಯುಕೆ' ಅಂಗಡಿ ತೆರೆದಿತ್ತು. 2024ರ ಜುಲೈ ಚುನಾವಣೆಯಲ್ಲಿ ಅದಕ್ಕೆ ಶೇಕಡಾ 14ರಷ್ಟು ಓಟು ಬಿತ್ತು. ಕನ್ಸರ್ವೇಟಿವರು 121 ಸ್ಥಾನಕ್ಕೆ ಇಳಿದರು. ಸೋಲಿಗೆ ಬೆಲೆಯೇರಿಕೆ, ಹಗರಣಗಳೂ ಕಾರಣ, ನಿಜ. ಆದರೆ ನಕಲಿಗಿಂತ ಅಸಲಿಯೇ ವಾಸಿ ಎಂದು ಅತ್ತ ಹೋದವರೇನೂ ಕಡಿಮೆಯಿಲ್ಲ.

ಇತ್ತಲಿಂದಲೂ ಜನ ಹೊರಟರು. ಪಾಕಿಸ್ತಾನದಿಂದ ವಲಸೆ ಬಂದವರ ಮಗಳು ಸಯೀದಾ ವಾರ್ಸಿ 2010ರಲ್ಲಿ ಬ್ರಿಟನ್ನಿನ ಸಂಪುಟ ಸೇರಿದ ಮೊದಲ ಮುಸ್ಲಿಂ ಮಹಿಳೆ. ಡೌನಿಂಗ್ ಸ್ಟ್ರೀಟಿಗೆ ಸಲ್ವಾರ್ ಕಮೀಜಿನಲ್ಲೇ ಹೋಗಿದ್ದರು. ಪಕ್ಷ ತೀರಾ ಬಲಕ್ಕೆ ವಾಲಿತೆಂದು 2024ರ ಸೆಪ್ಟೆಂಬರಿನಲ್ಲಿ ಅವರು ಸಂಸತ್ತಿನಲ್ಲಿ ಪಕ್ಷದ ಸಾಲನ್ನೇ ತೊರೆದರು.

ಅದೇ ನವೆಂಬರಿನಲ್ಲಿ ನಾಯಕಿಯಾದ ಕೆಮಿ ಬೇಡೆನಾಕ್, 2025ರ ಅಕ್ಟೋಬರಿನಲ್ಲಿ, ಗೆದ್ದರೆ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯಿಂದ ಹೊರಬರುವುದಾಗಿ ಘೋಷಿಸಿದರು. ಫರಾಜರು ಬಹುಕಾಲದಿಂದ ಹೇಳುತ್ತಿದ್ದದ್ದೂ ಅದನ್ನೇ. ಎರಡನೇ ಮಹಾಯುದ್ಧದ ನಂತರ ಆ ಒಡಂಬಡಿಕೆಯ ಕರಡು ರೂಪಿಸುವುದರಲ್ಲಿ ಮುಂದಾಳಾಗಿದ್ದವನು ಕನ್ಸರ್ವೇಟಿವ್ ಪಕ್ಷದ ವಕೀಲ ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್.