ಗರಿಯಿಲ್ಲದ ಮೀಟು

ನಮ್ಮ ಶಾಲೆಯಲ್ಲಿ ಬಾಖನ ಕೃತಿಗಳನ್ನು ಡಿಜಿಟಲ್ ಕೀಬೋರ್ಡಿನ ಮೇಲೆ ಹಾರ್ಪ್ಸಿಕಾರ್ಡಿನ ನಾದದಲ್ಲಿ ಕಲಿಸುತ್ತಿರುವುದನ್ನು ಕೇಳಿ, ಹೆತ್ತವರಲ್ಲಿ ಕೆಲವರು, ಇಂಥ ಕೃತಕನಾದದಿಂದ ಮಕ್ಕಳ ಕಿವಿ ಕೆಡುವುದಿಲ್ಲವೇ ಎಂದು ಪ್ರಶ್ನಿಸಿರುವರು. ಪ್ರಶ್ನೆಯು ಯುಕ್ತವಾದುದೇ. ಅದಕ್ಕೆ ಈ ಸಂಚಿಕೆಯಲ್ಲಿ ಉತ್ತರ ಬರೆಯುವುದು ನಮ್ಮ ಕರ್ತವ್ಯವೆಂದು ತೋರಿತು.

ಹಾರ್ಪ್ಸಿಕಾರ್ಡನ್ನು ಪಿಯಾನೋವಿನ ಹಿರಿಯಳೆಂದು ಹೇಳುವ ವಾಡಿಕೆಯುಂಟು. ಸ್ವಭಾವದಲ್ಲಿಯಾದರೋ ಅದು ನಮ್ಮ ವೀಣೆಗೇ ಸಮೀಪ. ಪಿಯಾನೋವಿನಲ್ಲಿ ಸುತ್ತಿಗೆಯು ತಂತಿಯನ್ನು ಹೊಡೆಯುವುದು. ಹಾರ್ಪ್ಸಿಕಾರ್ಡಿನಲ್ಲಿ ಕೀಲಿಯನ್ನೊತ್ತಿದಾಗ ಮರದ ಸಣ್ಣ ಪಟ್ಟಿಯೊಂದು ಮೇಲೆದ್ದು, ಅದಕ್ಕೆ ಸಿಕ್ಕಿಸಿದ ಹಕ್ಕಿಯ ಗರಿಯ ತುಂಡು ತಂತಿಯನ್ನು ಮೀಟುವುದು. ಬೆರಳನ್ನೆತ್ತಿದೊಡನೆ ಪಟ್ಟಿಯು ಕೆಳಗಿಳಿದು, ಅದರಲ್ಲಿರುವ ಬಟ್ಟೆಯ ಚೂರು ನಾದವನ್ನು ಅಡಗಿಸುವುದು. ಎಷ್ಟು ಬಲವಾಗಿ ಒತ್ತಿದರೂ ನಾದವು ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು. ಆದುದರಿಂದ ಭಾವವೆಲ್ಲವೂ ಕಾಲದಲ್ಲಿದೆ: ಸ್ವರವನ್ನು ಎಷ್ಟು ಹೊತ್ತು ಹಿಡಿಯಬೇಕು, ಮುಂದಿನದಕ್ಕೆ ಮುನ್ನ ಎಷ್ಟು ಬಿಡುವು ಕೊಡಬೇಕು, ಬೆರಳನ್ನು ಯಾವಾಗ ಎತ್ತಬೇಕು. 1723ರಲ್ಲಿ ಬಾಖನು ತನ್ನ ಇನ್ವೆನ್ಷನ್ನುಗಳನ್ನು ಶುದ್ಧಪ್ರತಿ ಮಾಡಿದಾಗ, ಹಾಡುವಂತೆ ನುಡಿಸುವ ರೀತಿಯು ಅವುಗಳಿಂದ ಬರಲೆಂದು ಮುನ್ನುಡಿಯಲ್ಲಿ ಬಯಸಿದನು.

ಕೆಲವು ಕೀಬೋರ್ಡುಗಳು ನಿಜವಾದ ವಾದ್ಯದ ಸ್ವರಗಳನ್ನು ಮುದ್ರಿಸಿಟ್ಟು ಒಪ್ಪಿಸುವುವು. ಬೇರೆ ಬಗೆಯಲ್ಲಿ ತಂತಿಯ ಕಂಪನವನ್ನೇ ಗಣಿತದಿಂದ ಲೆಕ್ಕಹಾಕಿ ಆ ಕ್ಷಣದಲ್ಲಿ ನಾದವನ್ನು ಹುಟ್ಟಿಸುವರು. ಫ್ರಾನ್ಸಿನಲ್ಲಿ 2006ರಲ್ಲಿ ಹೊರಬಂದ ಪಿಯಾನೋಟೆಕ್ ಎಂಬ ತಂತ್ರಾಂಶವು ಈ ಬಗೆಯದು. ಗಣಕಯಂತ್ರಕ್ಕೆ ಕೀಬೋರ್ಡನ್ನು ಜೋಡಿಸಿ ನಾವು ಬಳಸುವುದು ಇಂಥದನ್ನೇ. ಷಡ್ಜವನ್ನು ಇಳಿಸುವಷ್ಟು ಸುಲಭವಾಗಿ ಮೂಲಶ್ರುತಿಯನ್ನು 440ರಿಂದ 415ಕ್ಕೆ ಇಳಿಸಬಹುದು. ಹಳೆಯ ಕಾಲದ ಶ್ರುತಿವಿಭಾಗಗಳನ್ನೂ ಆರಿಸಬಹುದು. ನಿಜವಾದ ಹಾರ್ಪ್ಸಿಕಾರ್ಡಿನ ತೆಳುಹಲಗೆಯು ಮಳೆಗಾಲದ ತೇವಕ್ಕೆ ಉಬ್ಬಿ ಪದೇ ಪದೇ ಶ್ರುತಿ ತಪ್ಪುವುದು. ಇದಕ್ಕೆ ಆ ಉಪದ್ರವವಿಲ್ಲ. ಪಟ್ಟಿಯು ಹಿಂದಕ್ಕೆ ಬೀಳುವ ಸಣ್ಣ ಸದ್ದು ಕೂಡ ಅದರಲ್ಲಿ ಕೇಳಿಬರುವುದು. ಬೆರಳನ್ನೆತ್ತಿದ ಗಳಿಗೆಯನ್ನು ಮಕ್ಕಳ ಕಿವಿಗೆ ತಿಳಿಸುವ ಆ ಸದ್ದನ್ನು ನಾವು ಎಂದಿಗೂ ಅಡಗಿಸಗೊಡೆವು.

ಒಂದು ನಿಯಮವನ್ನು ಮಾತ್ರ ಬಿಗಿಯಾಗಿ ಪಾಲಿಸುತ್ತೇವೆ. ಒತ್ತಿದ ಬಲಕ್ಕೆ ತಕ್ಕಂತೆ ಸದ್ದು ಹೆಚ್ಚುವ ಏರ್ಪಾಟನ್ನು ಮೊದಲೇ ನಿಲ್ಲಿಸಿಬಿಡುವೆವು. ಅದಾದ ಮೇಲೆ, ಕೀಲಿಗಳನ್ನು ಒನಕೆಯಂತೆ ಕುಟ್ಟುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎರಡು ವಾರ ಮುಖ ಸಿಂಡರಿಸಿಕೊಂಡಿದ್ದಳು. ಮೂರನೆಯ ವಾರದಲ್ಲಿ ಎಡಗೈಯ ರಾಗವೂ ಒಂದು ರಾಗವೇ ಎಂದು ತಾನಾಗಿಯೇ ಕಂಡುಕೊಂಡಳು.

ಆದರೂ ಕೊರತೆಯನ್ನು ಮರೆಮಾಡಲಾರೆವು. ಗರಿಯು ತಂತಿಗೆ ತಗಲಿದಾಗ ಬೆರಳಿಗೆ ತೋರುವ ಆ ಕಿಂಚಿತ್ ತಡೆಯು ನಮ್ಮ ಕೀಬೋರ್ಡಿನಲ್ಲಿಲ್ಲ. ಎಳೆಯ ಬೆರಳುಗಳಿಗೆ ಶ್ರಮವಾಗಬಾರದೆಂದು, ಗರಿಗಳನ್ನು ಬಲು ಮೆದುವಾಗಿಸಿದ ವಾದ್ಯದ ಮೇಲೆ ಮಕ್ಕಳನ್ನು ಕೂರಿಸಬೇಕೆಂದು ಕೂಪೆರಾನ್ 1716ರಲ್ಲಿ ಬರೆದನು. ನಮ್ಮಲ್ಲಿ ಮೆದುಮಾಡುವುದಕ್ಕೆ ಗರಿಯೇ ಇಲ್ಲ. ಎರಡು ಕೀಲಿಸಾಲುಗಳಿಗಾಗಿ ರಚಿಸಿದ ಗೋಲ್ಡ್‌ಬರ್ಗ್ ಭೇದಗಳಲ್ಲಿ ಕೆಲವನ್ನು ಒಂದೇ ಸಾಲಿನಲ್ಲಿ ನುಡಿಸಹೋದರೆ ಕೈಗಳು ಒಂದನ್ನೊಂದು ತಳ್ಳಾಡುವುವು.

"ಅಮ್ಮಾ, ನೀವು ನಿಜವಾದದ್ದನ್ನು ಮುಟ್ಟಿದ್ದೀರಾ?" ಎಂದು ಅದೇ ಹುಡುಗಿಯು ಕೇಳಿದಳು. ನಾವಾಗಲಿ ಸಂಗೀತದ ಉಪಾಧ್ಯಾಯಿನಿಯಾಗಲಿ ಮುಟ್ಟಿಲ್ಲವೆಂದೇ ಹೇಳಿದೆವು. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರು ಯುರೋಪಿನ ಪಟ್ಟಣಗಳಲ್ಲಿರುವರು. ಅವರಲ್ಲಿ ಯಾರಿಗಾದರೂ ಅಲ್ಲಿಯ ಸಂಗೀತಶಾಲೆಯಲ್ಲಿ ಹಾರ್ಪ್ಸಿಕಾರ್ಡನ್ನು ನುಡಿಸುವ ಅವಕಾಶ ದೊರೆತರೆ, ಗರಿಯು ತಂತಿಯನ್ನು ದಾಟುವಾಗ ಬೆರಳಿಗೆ ಏನು ತೋರಿತೆಂಬುದನ್ನು ವಿವರವಾಗಿ ಬರೆದು ಶಾಲೆಗೆ ಕಳುಹಿಸಬೇಕಾಗಿ ಕೋರುತ್ತೇವೆ. ಆ ಕಾಗದವನ್ನು ಅವಳಿಗೇ ಮೊದಲು ಓದಲು ಕೊಡುವೆವು.